ಪಾದದ ಕೆಳಗೆ ಕಿರೀಟ

ನಮ್ಮ ಮನೆಗೆ ಬಂದವರೆಲ್ಲ ಕರುವಿನ ಕೊಟ್ಟಿಗೆಯ ಮುಂದೆ ಒಂದು ಗಳಿಗೆ ನಿಂತು ನಗುತ್ತಾರೆ. ಕೊಟ್ಟಿಗೆಯಲ್ಲಿ ನಗುವಂಥದ್ದೇನೂ ಇಲ್ಲ. ನಾಗಮಂಗಲದ ಎಲ್ಲ ಕೊಟ್ಟಿಗೆಗಳ ಹಾಗೆ ಮಣ್ಣಿನ ಮೋಟುಗೋಡೆ, ಮೇಲೆ ಹುಲ್ಲು, ಮುಂದೆ ಬಿದಿರು ತಡಿಕೆಯ ಬಾಗಿಲು. ನಗು ಬರಿಸುವುದು ಆ ತಡಿಕೆಗೆ ಹಾಕಿರುವ ಚಿಲಕ. ಅದು ಹಿತ್ತಾಳೆಯದು. ಮೇಣದಲ್ಲಿ ಮಾದರಿ ಮಾಡಿ, ಹುತ್ತದ ಮಣ್ಣು ಮೆತ್ತಿ, ಎರಕ ಹೊಯ್ದು, ಅರ ಹಾಕಿ ಉಜ್ಜಿದ ಚಿಲಕ. ನಮ್ಮ ಬೀದಿಬಾಗಿಲಿಗೇ ಇರುವುದು ಮರದ ಅಗುಳಿ.

"ಕರ ಕೂಡಾಕಕ್ಕೆ ಇತ್ತಾಳೆ ಚಿಲ್ಕವೇ? ಅರಮನೆ ಕರ ಇರ್ಬೇಕು ಬುಡು" ಎಂದು ಎದುರುಮನೆಯ ಮುದುಕ ದಿನಕ್ಕೊಂದು ಸಲವಾದರೂ ಹೇಳುತ್ತಾನೆ. ಹೇಳಿ ಬೇಸರವಾಗುವುದಿಲ್ಲ ಅವನಿಗೆ. ನಾನೂ ಅವನ ಜೊತೆ ನಗುತ್ತೇನೆ.

ಚಿಲಕ ಮಾಡಿದವನು ನಾನೇ. ಚೆನ್ನಾಗೇನೂ ಬಂದಿಲ್ಲ. ನಾಲಗೆಯ ಮೇಲೆ ಎರಡು ಕಡೆ ಗುಳಿ ಬಿದ್ದಿದೆ, ಒಂದು ಅಂಚು ಸೊಟ್ಟಗಿದೆ. ಎರಕದ ಮನೆತನದಲ್ಲಿ ಹುಟ್ಟಿದವನು ಇಂಥದ್ದನ್ನು ಬೀದಿಗೆ ಕಾಣುವ ಹಾಗೆ ಹಾಕಬಾರದು. ಆದರೂ ಹಾಕಿದ್ದೇನೆ, ತೆಗೆಯುವ ಯೋಚನೆಯಿಲ್ಲ. ಯಾಕೆ ಎಂದು ಹೇಳಬೇಕಾದರೆ ನಾನು ನನ್ನ ಅಣ್ಣನಿಗೆ ಮಾಡಿದ್ದನ್ನೂ ಹೇಳಬೇಕಾಗುತ್ತದೆ.

ಅಣ್ಣನ ಹೆಸರು ವೀರಾಚಾರಿ. ನಾನು ಕಾಳಾಚಾರಿ, ಅವನಿಗಿಂತ ಆರು ವರ್ಷಕ್ಕೆ ಚಿಕ್ಕವನು. ನಮ್ಮಪ್ಪ ದೇವರ ಎರಕ ಹೊಯ್ಯುತ್ತಿದ್ದ. ಅಣ್ಣನ ಕೈಗೆ ಮೇಣ ಕೊಟ್ಟರೆ ಅದು ಮಾತು ಕೇಳುತ್ತಿತ್ತು. ನನ್ನ ಕೈಗೆ ಕೊಟ್ಟರೆ ಕರಗುತ್ತಿತ್ತು. "ಇವನ ಅಂಗೈಯಾಗೆ ಒಲೆ ಅದೆ" ಎಂದು ಅಪ್ಪ ಬೈಯುತ್ತಿದ್ದ. ಕೊನೆಗೆ, ಕೈ ಕೆಟ್ಟರೂ ತಲೆಯಾದರೂ ಆಗಲಿ ಎಂದು ನನ್ನನ್ನು ಐಗಳ ಮಠಕ್ಕೆ ಹಾಕಿದ. ಅಲ್ಲಿ ನಾನು ಎರಡು ಮಳೆಗಾಲ ಕಲಿತೆ. ಮರಳಿನ ಮೇಲೆ ಅಕ್ಷರ ತಿದ್ದಿದೆ, ಹತ್ತರವರೆಗೆ ಮಗ್ಗಿ ಹೇಳಿದೆ, ಎರಡು ಸಲ ತೊಲೆಗೆ ಕೈ ಕಟ್ಟಿಸಿಕೊಂಡು ನೇತಾಡಿದೆ. ಮೂರನೆಯ ಮಳೆಗಾಲಕ್ಕೆ ಐಗಳು ಕಾಶಿಗೆ ಹೋಗುತ್ತೇನೆಂದು ಹೊರಟರು. ತಿರುಗಿ ಬರಲಿಲ್ಲ. ನನ್ನ ವಿದ್ಯೆ ಅಲ್ಲಿಗೆ ನಿಂತಿತು. ಆದರೆ ನಮ್ಮ ಮನೆಯಲ್ಲಿ ಅಷ್ಟನ್ನೂ ಕಲಿತವರಿರಲಿಲ್ಲ. ಹಾಗಾಗಿ ನಾನು ಓದಿದವನಾದೆ. ಊಟಕ್ಕೆ ಕೂತರೆ ಅಮ್ಮ ಮೊದಲು ನನಗೆ ಬಡಿಸುತ್ತಿದ್ದಳು. ಅಣ್ಣ ಅದಕ್ಕೆ ಒಂದು ದಿನವೂ ಮುಖ ಸಿಂಡರಿಸಲಿಲ್ಲ.

ಅಪ್ಪನಿಂದ ನಾನು ಕಲಿತದ್ದು ಒಂದೇ ಒಂದು ಪಾಠ, ಅದೂ ಏಟು ತಿಂದು. ದೇವರನ್ನು ಹೊಯ್ಯುವ ಮುಂಚೆ ಅಪ್ಪ ಹಲಗೆಯ ಮೇಲೆ ಅದನ್ನು ಎದುರಿನಿಂದ ಕಂಡ ಚಿತ್ರ ಬರೆದುಕೊಳ್ಳುತ್ತಿದ್ದ. ಕಿರೀಟದಿಂದ ಶುರು, ಪಾದಕ್ಕೆ ಮುಗಿಯಬೇಕು. ಒಂದು ಸಲ ಲಕ್ಷ್ಮಿಯ ಪಾದದ ಕೆಳಗೆ ಹಲಗೆಯಲ್ಲಿ ಗೇಣು ಜಾಗ ಉಳಿದಿತ್ತು. ನಾನು ಬಳಪ ಹಿಡಿದು ಅಲ್ಲಿ ಒಂದು ಕಿರೀಟ ಬರೆದೆ, ಅಭ್ಯಾಸಕ್ಕೆ ಅಂತ. ಅಪ್ಪ ನೋಡಿದ. ಏನೂ ಕೇಳಲಿಲ್ಲ, ಮೊದಲು ಹೊಡೆದ. ಆಮೇಲೆ ನನ್ನನ್ನೂ ಹಲಗೆಯನ್ನೂ ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಇಬ್ಬರಿಗೂ ನೀರು ಹುಯ್ದ. "ಪಾದದ ಕೆಳಿಕ್ಕೆ ಪೀಠ ಬುಟ್ರೆ ಇನ್ನೇನೂ ಬರೀಬಾರ್ದು. ಕಿರೀಟ ಬರೀತೀಯೇನ್ಲಾ ಪಾಪಿ?" ಆ ಪಾಠ ಮರೆಯಲಿಲ್ಲ. ಮರೆತಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಪ್ಪ ತೀರಿಕೊಂಡ ಮೇಲೆ ಕುಲುಮೆ ಅಣ್ಣನ ಪಾಲಿಗೆ ಬಂತು, ನಾನು ಶ್ರೀರಂಗಪಟ್ಟಣಕ್ಕೆ ಹೋದೆ. ಮೊದಲ ಮುತ್ತಿಗೆ ಮುಗಿದು ಪಟ್ಟಣ ಮತ್ತೆ ಉಸಿರಾಡತೊಡಗಿದ್ದ ಕಾಲ. ಕಾರ್ಖಾನೆಗಳಲ್ಲಿ ಕೈಗೆ ಬಿಡುವಿಲ್ಲದಷ್ಟು ಕೆಲಸ. ನಾನು ಸೇರಿದ್ದು ಹಿತ್ತಾಳೆ ಕೆಲಸದ ಒಂದು ಸಣ್ಣ ಕಾರ್ಖಾನೆಗೆ. ಅಲ್ಲಿ ಫರಾಸೀಸು ದೇಶದ ಒಬ್ಬ ಮೇಸ್ತ್ರಿಯಿದ್ದರು. ಕೆಂಪು ಮುಖ, ಬೋಳುತಲೆ, ಮೂಗಿನ ತುದಿಯಲ್ಲಿ ಯಾವಾಗಲೂ ನಸ್ಯ. ಹಿರೋಡೆಯ ಬಂಡೆಗಳ ಹತ್ತಿರವಿದ್ದ ತಮ್ಮವರ ಬಿಡಾರದಿಂದ ದಿನಾ ಬೆಳಿಗ್ಗೆ ಕತ್ತೆಯಷ್ಟೇ ಎತ್ತರದ ಒಂದು ತಟ್ಟುಕುದುರೆಯ ಮೇಲೆ ಬರುತ್ತಿದ್ದರು. ಅವರು ಹರಕು ಹಿಂದೂಸ್ತಾನಿಯಲ್ಲಿ ಹೇಳಿದ್ದನ್ನು ಕಾರ್ಖಾನೆ ನೋಡಿಕೊಳ್ಳುತ್ತಿದ್ದ ದಾರೋಗ ಸಾಹೇಬರು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ನನ್ನ ಕೆಲಸ, ಮೇಸ್ತ್ರಿ ಕಾಗದದ ಮೇಲೆ ಬರೆದ ಚಿತ್ರವನ್ನು ಕಡತಕ್ಕೆ ನಕಲು ಮಾಡಿ ಎರಕದವರಿಗೆ ಒಯ್ದು ಕೊಡುವುದು. ಕಾಗದ ಹೊರಗೆ ಹೋಗುವಂತಿರಲಿಲ್ಲ. ಕಡತವೆಂದರೆ ಇದ್ದಿಲು, ಹುಣಸೆಬೀಜದ ಅಂಟು ಬಳಿದ ಕಪ್ಪು ಬಟ್ಟೆ. ಬಳಪದಲ್ಲಿ ಬರೆಯಬಹುದು, ಬೇಡವಾದರೆ ಅಂಗೈಯಲ್ಲಿ ಒರೆಸಬಹುದು. ಅಂಗೈಯಲ್ಲಿ ಒರೆಸಬಹುದು ಎಂಬುದನ್ನು ನೆನಪಿನಲ್ಲಿಡಿ.

ಮೇಸ್ತ್ರಿಯ ಚಿತ್ರ ನಮ್ಮ ಚಿತ್ರದ ಹಾಗಲ್ಲ. ಒಂದು ವಸ್ತುವಿಗೆ ಮೂರು ಚಿತ್ರ. ಮುಂದಿನಿಂದ ಕಂಡದ್ದು ಒಂದು, ಮೇಲಿನಿಂದ ಕಂಡದ್ದು ಒಂದು, ಪಕ್ಕದಿಂದ ಕಂಡದ್ದು ಒಂದು. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ಪಕ್ಷಪಾತವಿಲ್ಲ. ಅಳೆದರೆ ಎಲ್ಲ ಅಳತೆಯೂ ಹಾಗೇ ಸಿಗಬೇಕು. ಮೊದಲ ಸಲ ನೋಡಿದಾಗ ನಾನು ಮೂರು ವಸ್ತು ಎಂದುಕೊಂಡೆ. ಮೂರಕ್ಕೂ ಆಗುವಷ್ಟು ಮೇಣ ಬೇಕೆಂದು ದಾರೋಗರನ್ನು ಕೇಳಿದೆ. ಅವರು ಮೇಸ್ತ್ರಿಗೆ ಹೇಳಿದರು. ಮೇಸ್ತ್ರಿ ಎಷ್ಟು ನಕ್ಕರೆಂದರೆ ನಸ್ಯ ಹಾರಿ ಕಾಗದದ ಮೇಲೆಲ್ಲ ಬಿತ್ತು.

ನನಗೆ ತಿಳಿಯಲೆಂದೇ ಅವರು ಮೂರು ಹಲಗೆ ಮಾಡಿಸಿದರು. ಒಂದೂವರೆ ಮೊಳದ ಚೌಕ ಹಲಗೆಗಳು, ಕೀಲು ಹಾಕಿ ಒಂದಕ್ಕೊಂದು ಸೇರಿಸಿದ್ದು. ಎತ್ತಿ ನಿಲ್ಲಿಸಿದರೆ ಮನೆಯ ಮೂಲೆಯ ಹಾಗೆ ಕಾಣುತ್ತಿತ್ತು. ಬೆನ್ನಿಗೆ ಒಂದು ಹಲಗೆ, ನೆಲಕ್ಕೆ ಒಂದು, ಬಲಪಕ್ಕಕ್ಕೆ ಒಂದು. ಮೂಲೆಯೊಳಗೆ ವಸ್ತು ಇಡುವುದು, ಹಲಗೆಗಳ ಮೇಲೆ ಅದರ ಗೆರೆ ಎಳೆಯುವುದು, ಆಮೇಲೆ ಕೀಲು ಬಿಚ್ಚಿ ಮೂರನ್ನೂ ಚಪ್ಪಟೆ ಮಲಗಿಸುವುದು. ಅದೇ ಕಾಗದ. ನನಗೆ ಎಂಟು ದಿನ ತೋರಿಸಿದರು. ನಾನು ಎಂಟು ದಿನವೂ ತಲೆಯಾಡಿಸಿದೆ. ತಲೆಯಾಡಿಸುವುದನ್ನು ಐಗಳ ಮಠದಲ್ಲಿ ಚೆನ್ನಾಗಿ ಕಲಿತಿದ್ದೆ.

ಆ ಹೊತ್ತಿಗೆ ನೀರೆತ್ತುವ ಯಂತ್ರವೊಂದು ಶುರುವಾಯಿತು. ಅದರ ಹಿತ್ತಾಳೆಯ ಭಾಗವನ್ನು ಒಂದೇ ಎರಕದಲ್ಲಿ ಹೊಯ್ಯಬೇಕಾಗಿತ್ತು. ಪಟ್ಟಣದ ಎರಕದವರು ಎರಡು ಸಲ ಹೊಯ್ದರು, ಎರಡು ಸಲವೂ ಬಿರುಕು ಬಿಟ್ಟಿತು. ನಮ್ಮಣ್ಣನನ್ನು ಕರೆಸಿ ಎಂದು ನಾನೇ ಹೇಳಿದೆ. ಇದೊಂದು ಒಳ್ಳೆಯ ಕೆಲಸ ನಾನು ಮಾಡಿದ್ದು.

ಅಣ್ಣ ನಾಗಮಂಗಲದಿಂದ ಗಾಡಿಯಲ್ಲಿ ಬಂದ. ಕೈಯಲ್ಲಿ ಅತ್ತಿಗೆ ಕಟ್ಟಿಕೊಟ್ಟ ಬುತ್ತಿ, ನೀರು ಕುಡಿಯಲು ತಾನೇ ಹೊಯ್ದ ಒಂದು ಗಿಂಡಿ. ಮೇಸ್ತ್ರಿ ಆ ಗಿಂಡಿಯನ್ನು ನೋಡಿ ಅವನ ಕೈಯಿಂದ ಕಿತ್ತುಕೊಂಡರು, ಅದರ ಮೂತಿಯ ಬಳುಕನ್ನು ಬೆರಳಲ್ಲಿ ಸವರಿದರು, ನೀರನ್ನು ಅಲ್ಲೇ ಚೆಲ್ಲಿ ಹಲಗೆಗಳ ಮೂಲೆಯಲ್ಲಿ ಇಟ್ಟರು. ಅಣ್ಣ ಗಾಬರಿಯಾಗಿ ನನ್ನನ್ನು ನೋಡಿದ. "ಕುಡಿಯೋ ನೀರು ಕಣ್ಲಾ ಅದು. ಏನ್ ಪೂಜೆ ಮಾಡ್ತಾರಾ ನನ್ ಗಿಂಡಿಗೆ?"

ಗಿಂಡಿಯ ಮೂತಿ ಎಡಕ್ಕಿತ್ತು. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಅಣ್ಣ ಕುಕ್ಕರಗಾಲಿನಲ್ಲಿ ಕೂತು ಗಿಂಡಿಯನ್ನೂ ಹಲಗೆಗಳನ್ನೂ ನೋಡಿದ. ಮೇಸ್ತ್ರಿ ಗೆರೆ ಎಳೆದರು. ದಾರೋಗರು ಏನೋ ವಿವರಿಸಲು ಹೊರಟರು, ಅಣ್ಣ ಕೈಯೆತ್ತಿ ತಡೆದ.

"ಇರಿ ಸಾಮಿ. ಇದು ನೆಳ್ಳಲ್ವಾ? ನೆತ್ತಿ ಮೇಲಿಂದ ಬೆಳಕು ಬಂದ್ರೆ ನೆಳ್ಳು ನೆಲದ್ ಮೇಲೆ ಬೀಳ್ತದೆ. ಎಡಗಡೆಯಿಂದ ಬಂದ್ರೆ ಬಲದ ಅಲಗೆ ಮೇಲೆ. ಮುಂದ್ಗಡೆಯಿಂದ ಬಂದ್ರೆ ಬೆನ್ನಿನ ಅಲಗೆ ಮೇಲೆ. ಆಮ್ಯಾಕೆ ಅಲಗೆ ಮಲಗಿಸ್ತಾರೆ. ಅಷ್ಟೇ ತಾನೆ?" ಎಂದವನು ನನ್ನ ಕಡೆ ತಿರುಗಿದ. "ನೋಡ್ಲಾ ಕಾಳ, ಕೀಲಿನ ಅತ್ರ ಇರೋದೆಲ್ಲ ಇಂದ್ಗಡೆ. ಕೀಲಿಗೆ ದೂರ ಇರೋದೆಲ್ಲ ಮುಂದ್ಗಡೆ. ಇದನ್ನ ಇಡ್ಕೊಂಡ್ರೆ ಆಯ್ತು."

ನಾನು ಎಂಟು ದಿನ ತಲೆಯಾಡಿಸಿದ್ದು ಅವನಿಗೆ ಒಂದು ಎಲೆಯಡಿಕೆ ಜಗಿಯುವಷ್ಟು ಹೊತ್ತಿಗೆ ಬಂದಿತ್ತು. ಮೇಸ್ತ್ರಿ ನಂಬಲಿಲ್ಲ. ಇನ್ನೊಂದು ಕಾಗದದ ಮೇಲೆ ಯಾವುದೋ ವಸ್ತುವಿನ ಮೂರು ಚಿತ್ರ ಬರೆದು ಅವನ ಮುಂದೆ ಎಸೆದರು. ಅಣ್ಣ ಮೇಣ ತೆಗೆದುಕೊಂಡು ಮೂಲೆಗೆ ಹೋಗಿ ಕೂತ. ಮಧ್ಯಾಹ್ನದ ಹೊತ್ತಿಗೆ ಎದ್ದು ಬಂದು ಒಂದು ಮೊಳಕೈ ಆಕಾರದ ಕೊಳವೆ, ಅದಕ್ಕೆ ಮೂರು ಕಾಲು, ಒಂದು ಕಾಲು ಗಿಡ್ಡ, ಹಾಗೊಂದನ್ನು ಮೇಜಿನ ಮೇಲೆ ಇಟ್ಟ. ಮೇಸ್ತ್ರಿ ಕೈವಾರ ಹಿಡಿದು ಅಳೆದರು. ಆಮೇಲೆ ಅಣ್ಣನ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಅಣ್ಣ ಆ ದಿನ ಎರಡು ಸಲ ಸ್ನಾನ ಮಾಡಿದ.

"ಯೇ ಆದ್ಮಿ ದೇಖ್‌ತಾ ಹೈ" ಎಂದರು ಮೇಸ್ತ್ರಿ. ಈತನಿಗೆ ಕಾಣುತ್ತದೆ ಎಂದು. ಹಾಗೆನ್ನುವಾಗ ನನ್ನನ್ನೂ ನೋಡಿದರು. ನನಗೆ ಕಾಣುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಮನೆಯಲ್ಲಿ ಮೊದಲು ಬಡಿಸಿಕೊಂಡು ಉಂಡವನು ನಾನು. ಎರಡು ಮಳೆಗಾಲ ಓದಿದವನು ನಾನು. ಆ ರಾತ್ರಿ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ.

ಹಿತ್ತಾಳೆ ಕೆಲಸ ನಾಗಮಂಗಲದ ನಮ್ಮ ಕುಲುಮೆಯಲ್ಲೇ ಆಗಲಿ ಎಂದಾಯಿತು. ನಮ್ಮ ಕೆರೆಯ ಮಣ್ಣು ಅಣ್ಣನಿಗೆ ಕೈಗೂಡಿದ್ದು. ಅವನು ಅಚ್ಚಿನ ಮಣ್ಣು ಕಲಸಿಡಲು ಮುಂದೆ ಹೋದ. ಯಂತ್ರದ ಹೊಟ್ಟೆ ಎಂದು ನಾವು ಕರೆಯುತ್ತಿದ್ದ ಆ ಭಾಗದ ಚಿತ್ರವನ್ನು ಮೇಸ್ತ್ರಿ ಮುಗಿಸಿದ ಮೇಲೆ ನಾನು ನಕಲು ಮಾಡಿ ಒಯ್ಯಬೇಕು.

ಚಿತ್ರ ನೋಡಿದೆ. ಕಾಗದದ ನಡುವೆ ಮುಂದಿನಿಂದ ಕಂಡ ಹೊಟ್ಟೆ. ಎಡಕ್ಕೆ ನೀರು ಬೀಳುವ ಬಾಯಿ. ನಡುವೆ ಒಂದು ಚೌಕ, ಅದು ಹೊಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿಯುವ ಕಿವಿ. ಆ ಕಿವಿ ಹೊಟ್ಟೆಯ ಮುಂದಿದೆಯೋ ಹಿಂದಿದೆಯೋ ಆ ಚಿತ್ರವೊಂದರಿಂದ ಹೇಳಲಾಗದು. ಅದಕ್ಕೇ ಉಳಿದ ಎರಡು. ಮೇಲಿನಿಂದ ಕಂಡದ್ದನ್ನು ಮೇಸ್ತ್ರಿ ಅದರ ಕೆಳಗೆ ಬರೆದಿದ್ದರು. ಎಡದಿಂದ ಕಂಡದ್ದನ್ನು ಬಲಕ್ಕೆ ಬರೆದಿದ್ದರು.

ಅಲ್ಲ, ನೀವೇ ಹೇಳಿ. ನೆತ್ತಿಯನ್ನು ಪಾದದ ಕೆಳಗೆ ಬರೆಯುವುದುಂಟೇ? ಎಡವನ್ನು ಬಲಕ್ಕೆ ಇಡುವುದುಂಟೇ? ಮೇಸ್ತ್ರಿಗೆ ನಸ್ಯ ತಲೆಗೇರಿದೆ ಎಂದುಕೊಂಡೆ. ಬಾವಿಯ ನೀರು, ಅಪ್ಪನ ಏಟು ಎರಡೂ ನೆನಪಾದವು. ಹಲಗೆ ಮಲಗಿಸಿದರೆ ನೆಲದ ಹಲಗೆ ತಾನಾಗಿಯೇ ಕೆಳಗೆ ಬೀಳುತ್ತದೆ ಎಂಬುದನ್ನು ಎಂಟು ದಿನ ಕಣ್ಣಾರೆ ನೋಡಿದ್ದೆ. ಆದರೆ ನೋಡಿದ್ದೆ, ಅಷ್ಟೇ. ಬಳಪ ಹಿಡಿದು ಕಡತದ ಮೇಲೆ ಎಲ್ಲವನ್ನೂ "ಸರಿ" ಮಾಡಿದೆ. ಮೇಲಿನಿಂದ ಕಂಡದ್ದನ್ನು ಮೇಲೆ ಬರೆದೆ, ಎಡದಿಂದ ಕಂಡದ್ದನ್ನು ಎಡಕ್ಕೆ ಬರೆದೆ. ಒಂದು ಗೆರೆಯೂ ತಪ್ಪಲಿಲ್ಲ, ಒಂದು ಅಳತೆಯೂ ಬದಲಾಗಲಿಲ್ಲ. ಚಿತ್ರಗಳು ಕೂತ ಜಾಗ ಮಾತ್ರ ಬದಲಾಯಿತು. ಬರೆದು ಮುಗಿಸಿ ದೂರದಿಂದ ನೋಡಿದಾಗ, ಫರಾಸೀಸು ದೇಶಕ್ಕೆ ಬುದ್ಧಿ ಹೇಳಿದಷ್ಟು ಹೆಮ್ಮೆಯಾಯಿತು.

ಇಷ್ಟಕ್ಕೇ ನಿಂತಿದ್ದರೆ ಅದನ್ನು ದಡ್ಡತನ ಎನ್ನಬಹುದಾಗಿತ್ತು. ದಡ್ಡತನಕ್ಕೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಕಡತ ಬಿಚ್ಚಿದ ಕೂಡಲೇ ಅಣ್ಣ ಹುಬ್ಬು ಗಂಟಿಕ್ಕಿದ. ಕುಲುಮೆಯ ಮುಂದಿನ ಕಟ್ಟೆಯ ಮೇಲೆ ಅದನ್ನು ಹಾಸಿ, ಎರಡೂ ಕೈ ಹಲಗೆಯ ಹಾಗೆ ಹಿಡಿದು ಗಾಳಿಯಲ್ಲಿ ಮಡಿಸಿ ನೋಡಿದ.

"ಈ ಸಲ ಮೇಲಕ್ಕೆ ಬರ್ದವ್ರಲ್ಲ. ಪಟ್ಟಣದಾಗೆ ಕೆಳಿಕ್ಕೆ ಬರೀತಿದ್ರು. ಮೇಸ್ತ್ರಿನೇ ಇಂಗ್ ಬರ್ದ್ರೇನ್ಲಾ?"

ಆಗ ಹೇಳಬಹುದಾಗಿತ್ತು. ಇಲ್ಲಣ್ಣ, ನಾನೇ ಜಾಗ ಬದಲಾಯಿಸಿದೆ ಎಂದು. ಅವನು ಬೈದು, ನಕ್ಕು, ಸರಿಮಾಡಿಕೊಳ್ಳುತ್ತಿದ್ದ. ಆದರೆ ಪಕ್ಕದಲ್ಲಿ ಅತ್ತಿಗೆ ನಿಂತಿದ್ದಳು, ತಿದಿ ಒತ್ತುವವನು ನಿಂತಿದ್ದ. ಓದಿದವನಿಗೆ ನಕಲು ಮಾಡಲೂ ಬರಲಿಲ್ಲ ಎಂದಾಗುತ್ತಿತ್ತು.

"ಊಂ ಕಣಣ್ಣ. ಮೇಸ್ತ್ರಿ ಬರ್ದಂಗೇ ಬರ್ದಿವ್ನಿ" ಎಂದೆ.

"ಬೆಳಕು ನೆಲದಿಂದ ಮೇಲಕ್ಕೆ ಬರ್ತದಾ ಅವರ್ ದೇಸ್ದಾಗೆ?" ಎಂದು ಅಣ್ಣ ನಕ್ಕ. "ಇರ್ಲಿ ಬುಡು. ಈ ಸಲ ಸೂರಿನ ಮೂಲೇಲಿ ಇಟ್ಟವ್ರೆ. ಕೀಲಿನ ಲೆಕ್ಕ ಅದೇ ತಾನೆ." ಕೀಲಿನ ಹತ್ತಿರ ಇರುವುದು ಹಿಂದೆ, ದೂರ ಇರುವುದು ಮುಂದೆ. ಆ ಲೆಕ್ಕ ಹಿಡಿದೇ ಅವನು ಮೇಣ ಕೂರಿಸಿದ. ಮೇಸ್ತ್ರಿಯ ಕಾಗದದಲ್ಲಿ ಕೀಲಿಗೆ ದೂರವಿದ್ದ ಕಿವಿ ನನ್ನ ಕಡತದಲ್ಲಿ ಕೀಲಿನ ಪಕ್ಕಕ್ಕೆ ಬಂದಿತ್ತು. ಹೊಟ್ಟೆಯ ಮುಂದೆ ಇರಬೇಕಾದ ಕಿವಿ ಹಿಂದಕ್ಕೆ ಹೋಯಿತು.

ಅಂಥ ಎರಕವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಅಚ್ಚು ಒಡೆದಾಗ ಒಂದು ಗುಳಿಯಿಲ್ಲ, ಬಿರುಕಿಲ್ಲ. ಅಣ್ಣ ಅದನ್ನು ಹುಲ್ಲಿನಲ್ಲಿ ಸುತ್ತಿ, ಗಾಡಿಯಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ಪಟ್ಟಣಕ್ಕೆ ತಂದ.

ಮೇಸ್ತ್ರಿ ನೋಡಿ ಮೊದಲು ಶಿಳ್ಳೆ ಹಾಕಿದರು. ಆಮೇಲೆ ಚೌಕಟ್ಟಿಗೆ ಹಿಡಿದರು. ಕಿವಿ ಹಿಂದಿತ್ತು. ಹೊಟ್ಟೆಯನ್ನು ತಿರುಗಿಸಿದರು. ಕಿವಿ ಮುಂದೆ ಬಂತು, ಬಾಯಿ ಬಲಕ್ಕೆ ಹೋಯಿತು. ಕಾಲುವೆ ಎಡಕ್ಕಿತ್ತು, ಬಲಕ್ಕಿದ್ದದ್ದು ಕಾರ್ಖಾನೆಯ ಗೋಡೆ. ತಲೆಕೆಳಗು ಮಾಡಿದರು. ಬಾಯಿ ಎಡಕ್ಕೆ ಬಂತು, ಆದರೆ ನೀರು ತುಂಬುವ ಕಡೆ ಮೇಲಕ್ಕೆ ಹೋಯಿತು. ಮತ್ತೆ ತಿರುಗಿಸಿದರು. ನಾಲ್ಕು ಜನ ಸೇರಿ ಆ ಹೊಟ್ಟೆಯನ್ನು ತೊಟ್ಟಿಲ ಮಗುವಿನ ಹಾಗೆ ಹೊರಳಿಸಿದರು. ಹೇಗೆ ಹೊರಳಿಸಿದರೂ ಅದು ಕನ್ನಡಿಯೊಳಗಿನ ಹೊಟ್ಟೆ.

"ಏನಯ್ಯಾ ಆಚಾರಿ, ಗೋಡೇಗೆ ನೀರು ಕುಡಿಸೋದಾ? ಬಾಯಾರಿಕೆ ಆಗಿತ್ತಾ ಅದಕ್ಕೆ?" ಎಂದರು ದಾರೋಗರು. ಎಲ್ಲರೂ ನಕ್ಕರು. ಮೇಸ್ತ್ರಿ ನಗಲಿಲ್ಲ. ಅಣ್ಣನ ಮುಖವನ್ನೇ ನೋಡಿದರು, ಏನೋ ಕಳೆದುಹೋದವರ ಹಾಗೆ.

ಅಣ್ಣ ಗೋಡೆಯ ಮೇಲಿದ್ದ ಕಾಗದದ ಕಡೆ ನೋಡಲಿಲ್ಲ. ನೋಡಿದ್ದರೆ ಅಲ್ಲೇ ತಿಳಿದುಬಿಡುತ್ತಿತ್ತು. ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ನಾನು ಕಾಗದವನ್ನು ನೋಡಿದೆ. ಪಾದದ ಕೆಳಗೆ ಕಿರೀಟ. ಪಕ್ಕದಲ್ಲೇ ಮೂರು ಹಲಗೆ ಚಪ್ಪಟೆ ಮಲಗಿತ್ತು, ನೆಲದ ಹಲಗೆ ಕೆಳಗೆ. ಎಂಟು ದಿನದಲ್ಲಿ ತಿಳಿಯದಿದ್ದದ್ದು ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಇಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಕಲಿತಿಲ್ಲ.

ಬಾಯಿಬಿಡಲಿಲ್ಲ.

ಅವನ ಜೊತೆ ಊರಿಗೆ ವಾಪಸು ಬರುವಾಗ ಹಿರೋಡೆ ದಾಟಿದ ಮೇಲೆ ಅಣ್ಣ ಕೇಳಿದ. "ಆ ಕಡತ ಇನ್ನೊಂದಪ ಕೊಡ್ಲಾ ನೋಡವಾ. ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ಬೇಕು ನಂಗೆ."

"ಒರ್ಸಿಬುಟ್ಟೆ ಕಣಣ್ಣ. ಬೇರೆ ಏನೋ ಬರೀಬೇಕಿತ್ತು."

ಸುಳ್ಳಲ್ಲ. ಗಾಡಿ ಹತ್ತುವ ಮುಂಚೆ ಒರೆಸಿದ್ದೆ. ಅಂಗೈ ಇನ್ನೂ ಬೆಳ್ಳಗಿತ್ತು, ಅದನ್ನು ಪಂಚೆಗೆ ಉಜ್ಜಿಕೊಂಡೆ. ಅಣ್ಣ ಎತ್ತುಗಳ ಬೆನ್ನನ್ನೇ ನೋಡುತ್ತಾ ಕೂತ. ಆಮೇಲೆ, "ತಿಳೀತು ಅಂದ್ಕಂಡಿದ್ದೆ ಕಣ್ಲಾ. ತಿಳ್ದಿರ್ಲಿಲ್ಲ" ಎಂದ.

ಆ ವರ್ಷವೇ ಅವನು ಕುಲುಮೆ ಮುಚ್ಚಿ, ಅತ್ತಿಗೆಯ ತವರು ಅಕ್ಕಿಹೆಬ್ಬಾಳಿಗೆ ಹೋಗಿಬಿಟ್ಟ. ಅಲ್ಲಿ ದನದ ಕೊರಳಗಂಟೆ ಹೊಯ್ಯುತ್ತಾನೆ ಎಂದು ತಿಳಿಯಿತು. ಬರೀ ಗಂಟೆ. ಕಿಕ್ಕೇರಿಯವರು ಯಾರೋ ಒಂದು ದೇವರು ಮಾಡಿಕೊಡು ಎಂದು ಕೇಳಿದರಂತೆ. ಆಗುವುದಿಲ್ಲ ಎಂದನಂತೆ. ಹಬ್ಬಕ್ಕೆ ಹೋದಾಗ ನಾನೂ ಕೇಳಿದೆ, ಯಾಕಣ್ಣ ಗಂಟೆ ಮಾತ್ರ ಅಂತ.

"ಗಂಟೆಗೆ ಇಂದು ಮುಂದಿಲ್ಲ ಕಣ್ಲಾ. ಎಡ ಬಲ ಇಲ್ಲ. ಯಾವ್ ಕಡೆಯಿಂದ ನೋಡು, ಒಂದೇ ಚಿತ್ರ" ಎಂದ. ನಗುತ್ತಲೇ ಹೇಳಿದ. ನಾನು ಹೋಳಿಗೆ ಬೇಡವೆಂದು ಎದ್ದೆ. ಹೊಟ್ಟೆ ಸರಿಯಿಲ್ಲ ಎಂದೆ.

ಪಟ್ಟಣದಲ್ಲಿ ಮೇಸ್ತ್ರಿ ಆಗಾಗ ಕೇಳುತ್ತಿದ್ದರು, "ವೋ ದೇಖ್ನೇವಾಲಾ ಕಹಾಂ?" ಆ ಕಾಣುವವನು ಎಲ್ಲಿ ಎಂದು. ಊರಲ್ಲಿದ್ದಾನೆ ಎನ್ನುತ್ತಿದ್ದೆ. ಪಾಠ ತಿಳಿದ ಮೇಲೆ ನನ್ನ ನಕಲುಗಳು ಒಂದೂ ತಪ್ಪಲಿಲ್ಲ. ಅ‍ದಕ್ಕೆ ನನ್ನನ್ನು ಹೊಗಳಿದರು, ಒಂದು ಸೀಸದ ಕಡ್ಡಿಯನ್ನೂ ಕೊಟ್ಟರು. ಕೊನೆಗೊಂದು ಬೇಸಿಗೆ ಅವರು ಜ್ವರದಲ್ಲಿ ತೀರಿಕೊಂಡರು. ಮುಂದಿನ ಬೇಸಿಗೆ ಪಟ್ಟಣವೇ ಬಿತ್ತು. ಕಾರ್ಖಾನೆ ಮುಚ್ಚಿತು. ಎಲ್ಲರೂ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಹೊರಟರು. ಕಬ್ಬಿಣ, ಹಿತ್ತಾಳೆ, ಹಗ್ಗ, ಕೊನೆಗೆ ಚಾಪೆ ಕೂಡ. ಮೂಲೆಯಲ್ಲಿ ಬಿದ್ದಿದ್ದ ಆ ಮೂರು ಹಲಗೆ ಯಾರಿಗೂ ಬೇಡವಾಗಿತ್ತು. ನಾನು ನಾಗಮಂಗಲದ ಮನೆಗೆ ಹೊತ್ತು ತಂದೆ.

ಯಾಕೆ ತಂದೆನೋ ತಿಳಿಯದು. ತಂದ ಮೇಲೆ ಹೆಂಡತಿ ಅದಕ್ಕೊಂದು ಕೆಲಸ ಕಂಡುಕೊಂಡಳು. ಕರುವಿನ ಕೊಟ್ಟಿಗೆಗೆ ಬಾಗಿಲಿರಲಿಲ್ಲ. ಕೀಲಿರುವ ಹಲಗೆ, ಮಡಿಸಬಹುದು, ತೆರೆಯಬಹುದು. ಹೀಗೆ ದಿನಾ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಆ ಕೀಲನ್ನು ನಾನೇ ಬಿಚ್ಚಬೇಕು, ನಾನೇ ಮುಚ್ಚಬೇಕು. ಬೆನ್ನಿನ ಹಲಗೆ, ನೆಲದ ಹಲಗೆ, ಪಕ್ಕದ ಹಲಗೆ. ಮೂರು ತಿಂಗಳು ತಡೆದುಕೊಂಡೆ. ಒಂದು ಬೆಳಿಗ್ಗೆ ಹಲಗೆಗಳನ್ನು ಕಿತ್ತು ಹಗ್ಗದಲ್ಲಿ ಕಟ್ಟಿ ಹೆಗಲಿಗೇರಿಸಿಕೊಂಡೆ.

"ಕರಕ್ಕೆ ಏನ್ ಅಡ್ಡ ಇಡ್ಲಿ? ನಿಮ್ಮನ್ನ ನಿಲ್ಲಿಸ್ಲಾ?" ಎಂದು ಹೆಂಡತಿ ಕೂಗಿದಳು. ನಾನಾಗಲೇ ಬೀದಿಗೆ ಇಳಿದಿದ್ದೆ.

ಅಕ್ಕಿಹೆಬ್ಬಾಳಿನಲ್ಲಿ ಅಣ್ಣ ಹೊಳೆಯ ಕಡೆಗಿರುವ ಹಿತ್ತಲಲ್ಲಿ ಗಂಟೆ ಉಜ್ಜುತ್ತಾ ಕೂತಿದ್ದ. ಅತ್ತಿಗೆ ಪುಟ್ಟವ್ವ ರಾಗಿ ಕೇರುತ್ತಿದ್ದಳು. ನಾನು ಹಲಗೆ ಇಳಿಸಿ, ನಿಂತುಕೊಂಡೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎನಿಸಿತ್ತು. ನಕಲಿನಲ್ಲಿ ಜಾಗ ಬದಲಾಯಿಸಿದ್ದು ನಾನು, ಮೇಸ್ತ್ರಿ ಹಾಗೆ ಬರೆದಿರಲಿಲ್ಲ, ನೀನು ಕೇಳಿದಾಗ ಸುಳ್ಳು ಹೇಳಿದೆ, ಕಡತ ಒರೆಸಿದ್ದು ಬೇಕೆಂದೇ. ಹೇಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆರು ವರ್ಷ ಹೊತ್ತದ್ದು ಇಷ್ಟೇನಾ ಎನಿಸಿತು.

ಮೊದಲು ಮೊರ ಕೆಳಗಿಟ್ಟವಳು ಅತ್ತಿಗೆ. "ಎರಡು ವರ್ಸ ಅವರು ನಿದ್ದೇಲಿ ಕೈ ಮಡಿಸ್ತಿದ್ರು, ಬಿಡಿಸ್ತಿದ್ರು. ಅಲಗೆ ಅಂತಿದ್ರು. ನನ್ ತಲೆ ಕೆಟ್ಟೋಗದೆ ಪುಟ್ಟವ್ವ ಅಂತಿದ್ರು. ನೀವು ಓದ್ದೋರು ಮೈದ್ನ. ಒಂದ್ ಮಾತು, ಒಂದೇ ಮಾತು ಏಳಾಕಾಗ್ಲಿಲ್ವಾ ನಿಮ್ಗೆ?"

ಅಣ್ಣ ಅವಳನ್ನು ತಡೆಯಲಿಲ್ಲ. ಎದ್ದು ಹಲಗೆಗಳ ಹಗ್ಗ ಬಿಚ್ಚಿದ, ಬಿಸಿಲಿಗೆ ಎತ್ತಿ ನಿಲ್ಲಿಸಿದ. ಒಳಗಿಂದ ಆ ಹಳೆಯ ಗಿಂಡಿ ತಂದು ಮೂಲೆಯಲ್ಲಿಟ್ಟ. ಮೂತಿ ಎಡಕ್ಕೆ. ಮಡಿಸಿದ, ಮಲಗಿಸಿದ, ಮತ್ತೆ ನಿಲ್ಲಿಸಿದ. ಕಣ್ಣಿಗೆ ಕೈ ಅಡ್ಡ ಹಿಡಿದು ಆ ಪಕ್ಕದಿಂದ ನೋಡಿದ, ಈ ಪಕ್ಕದಿಂದ ನೋಡಿದ.

"ಅಂಗಾದ್ರೆ ನಂಗೆ ಕಾಣ್ತಿತ್ತು ಅಂತಾಯ್ತು" ಎಂದ. ನನಗೆ ಹೇಳಿದ್ದಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿದ. "ಆರು ವರ್ಸ ಗಂಟೆ ಉಯ್ದೆ ಕಣ್ಲಾ." ದನಿ ಏರಿರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು.

ಅತ್ತಿಗೆ ಊಟಕ್ಕಿಟ್ಟಳು. ಹೊರಡುವಾಗ ಹಲಗೆ ಎತ್ತಿಕೊಳ್ಳಲು ಹೋದೆ. "ಅದು ಇಲ್ಲೇ ಇರ್ಲಿ" ಎಂದ ಅಣ್ಣ. ಕೊಟ್ಟಿಗೆಯ ಬಾಯಿ ಎರಡು ಮೊಳ, ಚೌಕಟ್ಟು ಬಲಕ್ಕೆ, ಕರುವಿಗೆ ಅಡ್ಡವಿಲ್ಲ, ತಾಯಿಯ ಹಾಲನ್ನೆಲ್ಲ ಅದೇ ಕುಡಿದುಬಿಡುತ್ತದೆ ಎಂದು ನಾನು ಸುಮ್ಮನೆ ಮಾತಿಗೆ ಹೇಳಿದೆ. "ಕುಡೀಲಿ" ಎಂದ. ಕ್ಷಮಿಸಿದೆ ಎನ್ನಲಿಲ್ಲ, ಮತ್ತೆ ಬಾ ಎನ್ನಲಿಲ್ಲ. ದಾರಿಯುದ್ದಕ್ಕೂ ಹೆಗಲು ಖಾಲಿಯಾಗಿತ್ತು, ಆದರೂ ನೋಯುತ್ತಿತ್ತು.

ಕರು ಒಂದು ತಿಂಗಳು ಕುಡಿಯಿತು. ನಾನು ಬಿದಿರು ತಡಿಕೆ ಕಟ್ಟಿದೆ. ಅದು ತಲೆ ಕೊಟ್ಟು ತಳ್ಳಿಕೊಂಡು ಬಂತು. ಹಗ್ಗ ಕಟ್ಟಿದೆ, ಹಗ್ಗ ತಿಂದಿತು.

ಆಮೇಲೆ ಒಂದು ದಿನ ಅಕ್ಕಿಹೆಬ್ಬಾಳಿನ ಕಡೆಯ ಗಾಡಿಯವನೊಬ್ಬ ಬಾಗಿಲಲ್ಲಿ ನಿಂತು, "ನಿಮ್ಮಣ್ಣ ಕೊಟ್ಟವ್ರೆ" ಎಂದು ಒಂದು ಸುತ್ತಿದ ಕಡತ ಕೊಟ್ಟ. ಏನಾದರೂ ಹೇಳಿದನೇ ಎಂದು ಕೇಳಿದೆ. "ಏನೂ ಏಳ್ಲಿಲ್ಲ. ಓದ್ದೋನು, ಓದ್ಕತಾನೆ ಅಂದ್ರು."

ಅಣ್ಣನಿಗೆ ಅಕ್ಷರ ಬರದು. ಕಡತ ಬಿಚ್ಚಿದೆ. ಬಳಪದಲ್ಲಿ ಮೂರು ಚಿತ್ರ. ನಡುವೆ ಒಂದು, ಅದರ ಕೆಳಗೆ ಒಂದು, ಬಲಕ್ಕೆ ಒಂದು. ಬೆರಳಳತೆಗೆ ಚುಕ್ಕೆ ಇಟ್ಟಿದ್ದ. ಗೆರೆಗಳು ಮೇಸ್ತ್ರಿಯ ಗೆರೆಗಳಿಗಿಂತ ನೇರವಾಗಿದ್ದವು.

ಏನು ವಸ್ತು ಎಂದು ಅವನು ಹೇಳಿರಲಿಲ್ಲ. ಇಷ್ಟು ವರ್ಷ ಬೇರೆಯವರಿಗೆ ನಕಲು ಮಾಡಿ ಕೊಟ್ಟಿದ್ದೆ, ನೋಡಿ ಮಾಡಿದವನಲ್ಲ. ಹೆಂಡತಿಯಿಂದ ಮೇಣ ಇಸಿದುಕೊಂಡು ಕೂತೆ. ಅಂಗೈಯಲ್ಲಿ ಒಲೆ ಇನ್ನೂ ಆರಿರಲಿಲ್ಲ, ಮೇಣ ಕರಗುತ್ತಿತ್ತು. ತಣ್ಣೀರಲ್ಲಿ ಕೈ ಅದ್ದಿ ಅದ್ದಿ ಮಾಡಿದೆ. ಎರಡು ದಿನಕ್ಕೆ ರೂಪ ಬಂತು. ಒಂದು ಚಿಲಕ, ಅದರ ನಾಲಗೆ, ಬೆರಳು ಹಾಕಿ ಎಳೆಯಲು ಒಂದು ಕಿವಿ. ಅಪ್ಪನ ಹಳೆಯ ಮೂಸೆ ಹುಡುಕಿ ಹೊಯ್ದೆ. ತಡಿಕೆಗೆ ಹಿಡಿದರೆ ನಾಲಗೆ ಚೌಕಟ್ಟಿನ ಕಡೆಗೆ ಇರಲಿಲ್ಲ, ಅದರ ವಿರುದ್ಧಕ್ಕೆ ಇತ್ತು. ತಿರುಗಿಸಿದರೆ ನಾಲಗೆ ಸರಿಯಾಯಿತು, ಕಿವಿ ತಡಿಕೆಯೊಳಗೆ ಹೋಯಿತು. ಮೇಲಿನಿಂದ ಕಂಡದ್ದನ್ನು ನನ್ನ ಕಣ್ಣು ಮತ್ತೆ ತಾನಾಗಿಯೇ ಮೇಲಕ್ಕೆ ಒಯ್ದಿತ್ತು. ಕರು ನನ್ನನ್ನೂ ಚಿಲಕವನ್ನೂ ನೋಡಿ, ತಡಿಕೆ ತಳ್ಳಿಕೊಂಡು ಹೋಗಿ ಹಾಲು ಕುಡಿಯಿತು.

ಕರಗಿಸಿದೆ. ಈ ಸಲ ಕಡತದ ಮುಂದೆ ಕೂತು ಎರಡೂ ಕೈಗಳನ್ನು ಹಲಗೆಯ ಹಾಗೆ ಹಿಡಿದು ಗಾಳಿಯಲ್ಲಿ ಮಡಿಸಿದೆ. ಕೀಲಿನ ಹತ್ತಿರ ಇರುವುದು ಹಿಂದೆ. ದೂರ ಇರುವುದು ಮುಂದೆ. ಬಾಯಲ್ಲಿ ಹೇಳಿಕೊಂಡೇ ಮೇಣ ಕೂರಿಸಿದೆ. ಗುಳಿ ಬಿದ್ದಿದ್ದು ಆ ಎರಡನೆಯ ಎರಕದಲ್ಲಿ. ಆದರೆ ಚಿಲಕ ಹಾಕಿದಾಗ ಕೂತಿತು, ಬೆರಳಳತೆಯೂ ತಪ್ಪದ ಹಾಗೆ. ಅಣ್ಣ ಊರು ಬಿಟ್ಟ ಮೇಲೆ ಕಟ್ಟಿದ ಈ ಕೊಟ್ಟಿಗೆಯನ್ನು ಅವನು ನೋಡಿದವನೇ ಅಲ್ಲ. ನಾನು ಹೇಳಿದ ನಾಲ್ಕು ಮಾತಿನಲ್ಲೇ ಕಂಡಿದ್ದ.

ಕಡತವನ್ನು ಒರೆಸಿಲ್ಲ. ಗೋಡೆಗೆ ತೂಗುಹಾಕಿದ್ದೇನೆ. ಎದುರುಮನೆಯ ಮುದುಕ ಈಗಷ್ಟೇ ಬಂದು, ಅರಮನೆ ಕರ ಇವತ್ತು ಏನು ಮಾಡುತ್ತಿದೆ ಎಂದು ಕೇಳಿ ಹೋದ. ಒಳಗಿದೆ ಎಂದೆ.